ಹಳೆಯ ಗಣಕಯಂತ್ರದ ರೋಗನಿದಾನ

ಉಪಕರಣವಿಲ್ಲದೆ ಕಾರ್ಯಸಿದ್ಧಿಯಿಲ್ಲ. ಉಪಕರಣವಿದ್ದೂ ಅದರ ಗುಣದೋಷಗಳನ್ನು ಅರಿಯದವನಿಗೆ ಆ ಉಪಕರಣವೇ ಒಂದು ಭಾರವಾಗುವುದು. ನೇಗಿಲ ಕುಳ ಸವೆಯಿತೆಂದು ರೈತನು ನೇಗಿಲನ್ನೇ ಒಲೆಗಿಕ್ಕುವುದಿಲ್ಲ. ಕುಳವನ್ನು ಕುಲುಮೆಗೆ ಒಯ್ದು ಬಡಿಸಿ ತರುವನು. ಗಾಡಿಯ ಕಡಾಣಿ ಕಳಚಿಬಿದ್ದರೆ ಗಾಡಿಯನ್ನು ಹೊಲದಲ್ಲಿಯೇ ಬಿಟ್ಟು ಬರುವುದಿಲ್ಲ. ಆದರೆ ಶಾಲೆಯ ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ಲೋಕವಿವೇಕವು ಮರೆತುಹೋದಂತೆ ತೋರುತ್ತದೆ. ಗುಂಡಿಯನ್ನು ಒತ್ತಿದಾಗ ತೆರೆಯ ಮೇಲೆ ಬೆಳಕು ಮೂಡದಿದ್ದರೆ "ಕೆಟ್ಟಿತು" ಎಂಬ ಒಂದೇ ಮಾತಿನಿಂದ ತೀರ್ಪು ಮುಗಿಯುತ್ತದೆ. ಯಂತ್ರದ ಮೇಲೊಂದು ಬಟ್ಟೆ ಹೊದಿಸಿ ಮೂಲೆಗೆ ಸರಿಸಲಾಗುತ್ತದೆ. ಅದನ್ನು ಕೊಟ್ಟ ದಾನಿಗಳ ಹೆಸರು ಮಾತ್ರ ಪೆಟ್ಟಿಗೆಯ ಮಗ್ಗುಲಲ್ಲಿ ಬಣ್ಣಗೆಡದೆ ಉಳಿದಿರುತ್ತದೆ.

ಹೀಗೆ ಮೂಲೆ ಸೇರಿದ ಎಷ್ಟೋ ಯಂತ್ರಗಳು ವಾಸ್ತವವಾಗಿ ಸತ್ತಿರುವುದಿಲ್ಲ. ಅವುಗಳ ಒಂದು ಅಂಗ ಮಾತ್ರ ಊನವಾಗಿರುತ್ತದೆ. ಆ ಅಂಗ ಯಾವುದೆಂಬುದನ್ನು ಕಂಡುಹಿಡಿಯುವುದು ಧನದ ಮಾತಲ್ಲ, ಕ್ರಮದ ಮಾತು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಶಾಲೆಗಳ ಅಧ್ಯಾಪಕರು ತಮ್ಮ ಕೈಯಿಂದಲೇ ನಡೆಸಬಹುದಾದ ಆ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭಾರತದ ಶಾಲೆಗಳಲ್ಲಿ ಗಣಕಯಂತ್ರದ ಪರಿಚಯಕ್ಕಾಗಿ ಕೇಂದ್ರ ಸರ್ಕಾರವು ೧೯೮೪ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಹಂಚಿತು. ೨೦೦೪ರ ಡಿಸೆಂಬರಿನಲ್ಲಿ ಮಾಹಿತಿ ತಂತ್ರಜ್ಞಾನದ ಶಾಲಾ ಯೋಜನೆ ಬಂದಿತು. ಸರ್ಕಾರದಿಂದಲೂ ದಾನಿಗಳಿಂದಲೂ ಯಂತ್ರಗಳು ಹಳ್ಳಿಗಳವರೆಗೆ ತಲುಪಿದವು. ಯಂತ್ರವನ್ನು ನಡೆಸುವ ವಿದ್ಯೆಯನ್ನು ಮಕ್ಕಳು ಬೇಗನೆ ಕಲಿತರು. ಯಂತ್ರವನ್ನು ಕಾಯುವ ವಿದ್ಯೆ ಮಾತ್ರ ಹಿಂದೆ ಉಳಿಯಿತು.

ಅಂಗಪರಿಚಯ

ಚಿಕಿತ್ಸೆಗೆ ಮುನ್ನ ಶರೀರಜ್ಞಾನ ಅವಶ್ಯಕ. ಜನರು ಇಡೀ ಪೆಟ್ಟಿಗೆಯನ್ನೇ 'ಸಿ.ಪಿ.ಯು.' ಎಂದು ಕರೆಯುವುದುಂಟು. ವಾಸ್ತವವಾಗಿ ಸಿ.ಪಿ.ಯು. ಎಂಬುದು ಆ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ಅಗಲವಿರುವ ಒಂದು ಬಿಲ್ಲೆ ಮಾತ್ರ. ಮಂಚದ ಮೇಲಿರುವವರು ಕೂಗಿದಾಗ 'ಮಂಚಗಳು ಕೂಗುತ್ತಿವೆ' ಎನ್ನುವುದನ್ನು ಶಾಸ್ತ್ರಕಾರರು ಲಕ್ಷಣಾವೃತ್ತಿಗೆ ಉದಾಹರಣೆಯಾಗಿ ಕೊಡುವರು. ಇದೂ ಅಂಥದೇ ಪ್ರಯೋಗ. ದಿನದ ವ್ಯವಹಾರಕ್ಕೆ ಇಂಥ ಮಾತು ಸಾಕು, ಚಿಕಿತ್ಸೆಗೆ ಸಾಲದು. 'ಸಿ.ಪಿ.ಯು. ಕೆಟ್ಟಿದೆ' ಎಂದು ಹೇಳಿದೊಡನೆ ಇಡೀ ಪೆಟ್ಟಿಗೆಯೇ ಕೆಟ್ಟಿತೆಂಬ ಭ್ರಾಂತಿ ಹುಟ್ಟುತ್ತದೆ. ಪೆಟ್ಟಿಗೆಯೊಳಗಿನ ಭಾಗಗಳಲ್ಲಿ ಅತ್ಯಂತ ವಿರಳವಾಗಿ ಕೆಡುವುದೇ ಆ ಬಿಲ್ಲೆ ಎಂಬುದನ್ನು ನೆನೆದರೆ ಈ ಭ್ರಾಂತಿ ಎಷ್ಟು ದೂರದ್ದೆಂದು ತಿಳಿಯುವುದು.

ಪೆಟ್ಟಿಗೆಯೊಳಗೆ ಮುಖ್ಯವಾಗಿ ಆರು ಅಂಗಗಳಿವೆ. ಮೊದಲನೆಯದು ಎಸ್.ಎಂ.ಪಿ.ಎಸ್. ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ಇದು ೧೨, ೫ ಮತ್ತು ೩.೩ ವೋಲ್ಟುಗಳಿಗೆ ಇಳಿಸಿ ಉಳಿದ ಅಂಗಗಳಿಗೆ ಹಂಚುತ್ತದೆ, ಇದನ್ನು ಜಠರವೆನ್ನಬಹುದು. ಎರಡನೆಯದು ಎಲ್ಲ ಅಂಗಗಳನ್ನೂ ಹೊತ್ತು ಜೋಡಿಸುವ ಮದರ್‌ಬೋರ್ಡ್. ಮೂರನೆಯದು ಲೆಕ್ಕ ಮಾಡುವ ಬಿಲ್ಲೆ, ಅಂದರೆ ಪ್ರೊಸೆಸರ್. ಅದರ ನೆತ್ತಿಯ ಮೇಲೆ ಕಾವನ್ನು ಹೀರುವ ಲೋಹದ ಗರಿಗಳೂ ಒಂದು ಫ್ಯಾನೂ ಇರುತ್ತವೆ. ನಾಲ್ಕನೆಯದು ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಮಾತ್ರ ಇರುವ ತಾತ್ಕಾಲಿಕ ಸ್ಮೃತಿ. ಐದನೆಯದು ಹಾರ್ಡ್ ಡಿಸ್ಕ್, ಅಂದರೆ ವಿದ್ಯುತ್ತು ಹೋದರೂ ಅಳಿಯದ ಸ್ಥಿರಸ್ಮೃತಿ. ಆರನೆಯದು ನಾಣ್ಯದಾಕಾರದ ಒಂದು ಪುಟ್ಟ ಬ್ಯಾಟರಿ. ಯಂತ್ರ ಮಲಗಿದ್ದಾಗಲೂ ಗಡಿಯಾರವನ್ನು ನಡೆಸುವುದು ಇದರ ಕೆಲಸ. ಹೊರಗೆ ಮಾನಿಟರ್, ಕೀಲಿಮಣೆ, ಮೌಸ್, ಯು.ಪಿ.ಎಸ್. ಇವು ಪರಿವಾರ.

ಸೀಮೆಯ ಗುಣ

ರೋಗಕ್ಕೆ ದೇಶಕಾಲಗಳೂ ಕಾರಣವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಯಂತ್ರದ ವಿಷಯದಲ್ಲಿಯೂ ಇದು ಸತ್ಯ. ಯಾದಗಿರಿಯ ಕೋಟೆಯ ಬೆಟ್ಟ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, ಸುರಪುರವನ್ನು ಸುತ್ತುವರಿದ ಗುಡ್ಡಗಳು. ಹೀಗೆ ಮೂರು ಊರುಗಳೂ ಬಂಡೆಗಲ್ಲಿನ ಮಗ್ಗುಲಲ್ಲಿವೆ. ಹಗಲೆಲ್ಲ ಕಾದ ಬಂಡೆ ಇರುಳಿನಲ್ಲಿಯೂ ಕಾವನ್ನು ಬಿಡುತ್ತದೆ. ಬೇಸಿಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದು ಇಲ್ಲಿ ಸಾಮಾನ್ಯ. ಗಣಕಯಂತ್ರದ ಒಳಗಿನ ಕಾವು ಹೊರಗಿನ ಕಾವಿನ ಮೇಲೆ ಏರುವಂಥದ್ದಾದುದರಿಂದ, ಬೆಂಗಳೂರಿನಲ್ಲಿ ಸುಖವಾಗಿದ್ದ ಯಂತ್ರ ಇಲ್ಲಿ ಮೇ ತಿಂಗಳಿನಲ್ಲಿ ಏದುಸಿರು ಬಿಡುವುದು ಆಶ್ಚರ್ಯವಲ್ಲ.

ಎರಡನೆಯ ಕಾರಣ ಧೂಳು. ಎರೆಮಣ್ಣಿನ ಧೂಳು ಅತಿ ನುಣುಪು. ಕಿಟಕಿ ಮುಚ್ಚಿದರೂ ಒಳಬರುವುದು. ಇದಕ್ಕೆ ಹತ್ತಿಯ ಸುಗ್ಗಿಯಲ್ಲಿ ಗಾಳಿಗೆ ತೇಲುವ ಅರಳೆಯ ಎಳೆ ಸೇರಿದರೆ ಫ್ಯಾನಿನ ಕೆಳಗಿನ ಲೋಹದ ಗರಿಗಳ ನಡುವೆ ಕಂಬಳಿಯಂಥ ಪದರವೇ ಹೆಣೆದುಕೊಳ್ಳುತ್ತದೆ. ಪೆಟ್ಟಿಗೆಯನ್ನು ಶಹಾಬಾದಿ ಫರಸಿಯ ನೆಲದ ಮೇಲೆಯೇ ಇಡುವ ರೂಢಿಯಿಂದ, ಕಸ ಗುಡಿಸಿದಾಗಲೆಲ್ಲ ನೆಲದ ಧೂಳನ್ನು ಮೊದಲು ಸೇವಿಸುವುದು ಈ ಯಂತ್ರವೇ ಆಗುತ್ತದೆ. ನೆಲದಿಂದ ಒಂದು ಗೇಣು ಎತ್ತರದ ಮಣೆಯ ಮೇಲೆ ಇಟ್ಟರೆ ಈ ಉಪದ್ರವ ಎಷ್ಟೋ ಕಡಿಮೆಯಾಗುವುದು.

ಮೂರನೆಯದು ವಿದ್ಯುತ್ತಿನ ಏರಿಳಿತ ಮತ್ತು ಹೋಗಿಬರುವಿಕೆ. ನಾಲ್ಕನೆಯದು ಜೀವಿಗಳು. ಬೆಚ್ಚಗಿನ ಪೆಟ್ಟಿಗೆಯೊಳಗೆ ಇರುವೆ ಗೂಡುಕಟ್ಟುವುದು, ಹಲ್ಲಿ ಸತ್ತು ಅಂಟಿಕೊಳ್ಳುವುದು, ಇಲಿ ತಂತಿ ಕಡಿಯುವುದು ಹಳೆಯ ಕಟ್ಟಡಗಳಲ್ಲಿ ಅಪರೂಪವಲ್ಲ. ಪೆಟ್ಟಿಗೆಯ ಹಿಂದೆ ಖಾಲಿ ಬಿಟ್ಟ ಸೀಳುಗಳನ್ನು ತಗಡಿನಿಂದ ಮುಚ್ಚಿದರೆ ಇದಕ್ಕೆ ಪರಿಹಾರ ಸಿಗುತ್ತದೆ; ಗಾಳಿ ಆಡುವ ಜಾಲರಿಗಳನ್ನು ಮಾತ್ರ ಮುಚ್ಚಕೂಡದು.

ನಿದಾನದ ಕ್ರಮ

ಆಯುರ್ವೇದದಲ್ಲಿ ನಿದಾನಪಂಚಕವೆಂಬುದು ಪ್ರಸಿದ್ಧ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ರೋಗದ ಕಾರಣವು ನಿದಾನ. ರೋಗ ಪ್ರಕಟವಾಗುವ ಮೊದಲಿನ ಸೂಚನೆ ಪೂರ್ವರೂಪ. ಪ್ರಕಟವಾದ ಲಕ್ಷಣ ರೂಪ. ಔಷಧ ಪಥ್ಯಗಳನ್ನು ಕೊಟ್ಟು ನೋಡಿ, ಯಾವುದರಿಂದ ಶಮನವಾಯಿತೆಂಬುದರ ಮೂಲಕ ರೋಗವನ್ನು ಗುರುತಿಸುವುದು ಉಪಶಯ. ರೋಗ ಬೆಳೆದುಬಂದ ಬಗೆ ಸಂಪ್ರಾಪ್ತಿ. ಗಣಕಯಂತ್ರದ ಪರೀಕ್ಷೆಗೆ ಈ ಐದೂ ಒಪ್ಪುತ್ತವೆ. ಅವುಗಳಲ್ಲಿ ಉಪಶಯವೇ ಪ್ರಧಾನ.

ಈ ಉಪಶಯದ ತಿರುಳು ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ. ಒಂದು ಭಾಗ ಇದ್ದಾಗ ದೋಷ ಕಾಣುವುದು, ಆ ಭಾಗ ತೆಗೆದಾಗ ದೋಷ ಕಾಣದಿರುವುದು ಎಂಬ ಎರಡೂ ಸಿದ್ಧವಾದರೆ ಮಾತ್ರ ಆ ಭಾಗವೇ ದೋಷಿಯೆಂದು ನಿಶ್ಚಯಿಸಬಹುದು. ಒಂದೇ ಸಿದ್ಧವಾದರೆ ಅದು ಸಂದೇಹ, ನಿರ್ಣಯವಲ್ಲ. ಇದರಿಂದ ಒಂದು ನಿಯಮ ಹೊರಡುತ್ತದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮನ್ನೂ ಬದಲಿಸಿ, ಕೇಬಲನ್ನೂ ಬದಲಿಸಿ, ಧೂಳನ್ನೂ ತೆಗೆದು, ಆ ಬಳಿಕ ಯಂತ್ರ ನಡೆದರೆ ಯಾವುದರಿಂದ ನಡೆಯಿತೆಂದು ಹೇಳುವ ದಾರಿಯಿಲ್ಲ. ಯಂತ್ರ ನಡೆಯಿತು ನಿಜ, ಆದರೆ ಜ್ಞಾನ ಲಭಿಸಲಿಲ್ಲ. ಅದೇ ದೋಷ ಮರಳಿದಾಗ ಮೊದಲಿನಿಂದ ಹುಡುಕಬೇಕಾಗುವುದು.

ಭಾಗಗಳನ್ನು ಅದಲುಬದಲು ಮಾಡುವಾಗ ಇನ್ನೊಂದು ಸೂಕ್ಷ್ಮವಿದೆ. ರ‍್ಯಾಮಿನ ಮೇಲೆ ಸಂಶಯವಿದ್ದರೆ ಸಂಶಯದ ಆ ರ‍್ಯಾಮನ್ನೇ ಸ್ವಸ್ಥ ಯಂತ್ರಕ್ಕೆ ಹಾಕಿ ನೋಡಬಹುದು. ಎಸ್.ಎಂ.ಪಿ.ಎಸ್. ಮೇಲೆ ಸಂಶಯವಿದ್ದರೆ ಮಾತ್ರ ಹಾಗೆ ಮಾಡಕೂಡದು. ಹದ ತಪ್ಪಿದ ಎಸ್.ಎಂ.ಪಿ.ಎಸ್. ಒಳ್ಳೆಯ ಯಂತ್ರವನ್ನೂ ಸುಡಬಲ್ಲದು. ಆದಕಾರಣ ಒಳ್ಳೆಯ ಎಸ್.ಎಂ.ಪಿ.ಎಸ್. ಅನ್ನು ರೋಗಿ ಯಂತ್ರಕ್ಕೆ ತರತಕ್ಕದ್ದು. ರ‍್ಯಾಮಿನಲ್ಲಿ ಡಿ.ಡಿ.ಆರ್. ೨, ೩, ೪ ಎಂಬ ತಲೆಮಾರುಗಳಿದ್ದು, ಪ್ರತಿಯೊಂದರ ಅಂಚಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುತ್ತದೆ. ಕೂರದಿದ್ದರೆ ಬಲ ಪ್ರಯೋಗಿಸಬಾರದು.

ಮೊದಲು ಎರಡು ರಕ್ಷಣೆಗಳು

ಪರೀಕ್ಷೆಗೆ ಕೈಹಾಕುವ ಮುನ್ನ ದೇಹರಕ್ಷಣೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟೇ ಪೆಟ್ಟಿಗೆ ತೆರೆಯತಕ್ಕದ್ದು. ಮುಂಭಾಗದ ಗುಂಡಿಯಿಂದ ಆರಿಸಿದ ಯಂತ್ರದಲ್ಲಿಯೂ ೫ ವೋಲ್ಟಿನ ಒಂದು ಧಾರೆ ಹರಿಯುತ್ತಲೇ ಇರುತ್ತದೆ. ಎಸ್.ಎಂ.ಪಿ.ಎಸ್. ಡಬ್ಬಿಯನ್ನಂತೂ ಶಾಲೆಯಲ್ಲಿ ಯಾರೂ ಬಿಚ್ಚಕೂಡದು. ಅದರೊಳಗಿನ ಕೆಪಾಸಿಟರಿನಲ್ಲಿ ೩೦೦ ವೋಲ್ಟಿಗೂ ಮೀರಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೆಯೂ ಸ್ವಲ್ಪ ಹೊತ್ತು ನಿಂತಿರಬಹುದು. ರ‍್ಯಾಮ್ ಮುಟ್ಟುವ ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿದರೆ, ಒಣಹವೆಯಲ್ಲಿ ಮೈಮೇಲೆ ಕೂಡಿದ ಸ್ಥಿರವಿದ್ಯುತ್ತು ಇಳಿಯುವುದು.

ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆನ್ನುವ ಅನುಭವ ಅನೇಕರಿಗೆ ಇದೆ. ಇದನ್ನು ಯಂತ್ರದ ದೋಷವೆಂದು ಭಾವಿಸುವರು. ಬಹುತೇಕ ಸಂದರ್ಭಗಳಲ್ಲಿ ಇದು ಕಟ್ಟಡದ ದೋಷ. ಎಸ್.ಎಂ.ಪಿ.ಎಸ್. ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸುವ ಕಿರು ಕೆಪಾಸಿಟರುಗಳಿವೆ. ಅವು ಅತ್ಯಲ್ಪ ವಿದ್ಯುತ್ತನ್ನು ಪೆಟ್ಟಿಗೆಯ ಲೋಹಕ್ಕೆ ಬಿಡುತ್ತವೆ; ಅದು ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯ ಮೂಲಕ ಭೂಮಿಗೆ ಇಳಿಯಬೇಕು. ಭೂಸಂಪರ್ಕ ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಸುಮಾರು ನೂರು ವೋಲ್ಟು ನಿಲ್ಲುತ್ತದೆ, ಟೆಸ್ಟರ್ ಮುಟ್ಟಿಸಿದರೆ ದೀಪ ಮಿನುಗುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ಮಣ್ಣು ಕೊಳವೆಯಿಂದ ಕಳಚಿಕೊಳ್ಳುವುದರಿಂದ ಈ ಸೀಮೆಯಲ್ಲಿ ಇದಕ್ಕೆ ವಿಶೇಷ ಗಮನ ಬೇಕು. ಗುಂಡಿಗೆ ನೀರು ಹಾಕಿಸುತ್ತಿರಬೇಕು. ವರ್ಷಕ್ಕೊಮ್ಮೆ ಅರ್ಹ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಬೇಕು. ಮಕ್ಕಳು ಮುಟ್ಟುವ ಯಂತ್ರದಲ್ಲಿ ಈ ಒಂದು ಕಾರ್ಯವನ್ನು ಮುಂದೂಡುವಂತಿಲ್ಲ.

ಎರಡನೆಯದು ಬರಹದ ರಕ್ಷಣೆ. ಯಂತ್ರದ ಬೆಲೆ ಅಂಗಡಿಯಲ್ಲಿ ಸಿಗುತ್ತದೆ. ಅದರೊಳಗಿನ ಬರಹದ ಬೆಲೆ ಎಲ್ಲಿಯೂ ಸಿಗದು. ಹಳೆಯ ಯಂತ್ರಗಳಲ್ಲಿ ಪ್ರವೇಶ ದಾಖಲೆಗಳು, ಫಲಿತಾಂಶದ ಪಟ್ಟಿಗಳು, ವಾರ್ಷಿಕೋತ್ಸವದ ಚಿತ್ರಗಳು, ನಿವೃತ್ತ ಅಧ್ಯಾಪಕರು ಸಿದ್ಧಪಡಿಸಿದ ಪಾಠಟಿಪ್ಪಣಿಗಳು ಅಡಗಿರುತ್ತವೆ. ಆದಕಾರಣ ಯಂತ್ರ ಒಮ್ಮೆ ಹೇಗೋ ಎಚ್ಚೆತ್ತರೆ ಮೊದಲು ಮಾಡತಕ್ಕ ಕೆಲಸ ದುರಸ್ತಿಯಲ್ಲ, ಪ್ರತಿ. ಬೇರೆ ಡಿಸ್ಕಿಗೆ ಒಂದು ಪ್ರತಿ, ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿ ಇರತಕ್ಕದ್ದು.

ಕನ್ನಡದ ಬರಹಕ್ಕೆ ಇನ್ನೂ ಒಂದು ಎಚ್ಚರ ಬೇಕು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಬಹುಕಾಲ ರೂಢಿಯಲ್ಲಿದ್ದುದು ೧೯೯೮ರಲ್ಲಿ ಬಂದ 'ಬರಹ', ತರುವಾಯ ಕನ್ನಡ ಗಣಕ ಪರಿಷತ್ತಿನ 'ನುಡಿ' ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು. ಅವುಗಳಲ್ಲಿ ರೋಮನ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಕಡತವನ್ನು ಮಾತ್ರ ಪ್ರತಿ ಮಾಡಿ ಅಕ್ಷರಶೈಲಿಯನ್ನು ಬಿಟ್ಟರೆ ಹೊಸ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುವುದು. ಬರಹ ಹಾಳಾಯಿತೆಂದು ಅಳಿಸಿಹಾಕುವವರೂ ಉಂಟು. ಅದು ಹಾಳಾಗಿಲ್ಲ, ಅದನ್ನು ಓದುವ ಕಣ್ಣು ಹಳೆಯ ಯಂತ್ರದಲ್ಲಿಯೇ ಉಳಿದಿದೆ. ಆದ್ದರಿಂದ ಅಕ್ಷರಶೈಲಿಗಳನ್ನೂ ಜೊತೆಗೆ ಪ್ರತಿ ಮಾಡಿಕೊಂಡು, ಆ ಬಳಿಕ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸತಕ್ಕದ್ದು.

ಐದು ಲಕ್ಷಣಗಳು

ಹಳೆಯ ಯಂತ್ರದ ದೋಷಗಳು ನೂರಾರಾದರೂ ಹೊರಗೆ ಕಾಣುವ ಲಕ್ಷಣಗಳನ್ನು ಐದು ಗುಂಪುಗಳಾಗಿ ವಿಂಗಡಿಸಬಹುದು.

ಒಂದನೆಯದು, ಗುಂಡಿ ಒತ್ತಿದರೆ ದೀಪವೂ ಇಲ್ಲ, ಫ್ಯಾನೂ ತಿರುಗದು. ಇಲ್ಲಿ ವಿದ್ಯುತ್ತಿನ ಹಾದಿಯನ್ನು ಗೋಡೆಯಿಂದ ಒಳಕ್ಕೆ ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಬೇಕು. ಗೋಡೆಯ ಸಾಕೆಟ್ಟಿಗೆ ಬೇರೊಂದು ಉಪಕರಣ ಹಾಕಿ ನೋಡುವುದು, ಯು.ಪಿ.ಎಸ್. ಬಿಟ್ಟು ನೇರವಾಗಿ ಗೋಡೆಗೆ ಜೋಡಿಸುವುದು; ಕೇಬಲ್ ಬದಲಿಸುವುದು; ಎಸ್.ಎಂ.ಪಿ.ಎಸ್. ಹಿಂಬದಿಯ ಸ್ವಿಚ್ ನೋಡುವುದು. ಯು.ಪಿ.ಎಸ್. ಒಳಗಿನ ೧೨ ವೋಲ್ಟಿನ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಬಸವಳಿಯುವುದು ಸಹಜ. ಬಿಸಿಲ ನಾಡಿನಲ್ಲಿ ಇನ್ನೂ ಬೇಗ. ಇವೆಲ್ಲ ಸರಿಯಿದ್ದರೆ ಎಸ್.ಎಂ.ಪಿ.ಎಸ್. ಮೇಲೆ ಸಂಶಯ ನಿಲ್ಲುವುದು. ಮಲ್ಟಿಮೀಟರ್ ಬಳಸಬಲ್ಲವರು ಹಳದಿ ತಂತಿಯಲ್ಲಿ ೧೨, ಕೆಂಪಿನಲ್ಲಿ ೫, ಕಿತ್ತಳೆಯಲ್ಲಿ ೩.೩ ವೋಲ್ಟು ಇದೆಯೇ ಎಂದು ನೋಡಬಹುದು. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಸಹ್ಯ. ಅಂದರೆ ಹಳದಿ ತಂತಿಯಲ್ಲಿ ೧೧.೪ಕ್ಕಿಂತ ಇಳಿದರೆ ಅಥವಾ ೧೨.೬ನ್ನು ಮೀರಿದರೆ ದೋಷ. ಕೆಲವು ತಯಾರಕರ ಯಂತ್ರಗಳಲ್ಲಿ ಎಸ್.ಎಂ.ಪಿ.ಎಸ್. ಆಕಾರವೂ ತಂತಿಯ ವಿನ್ಯಾಸವೂ ಬೇರೆಯಾಗಿರುವುದರಿಂದ ಕೊಳ್ಳುವ ಮುನ್ನ ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸತಕ್ಕದ್ದು.

ಎರಡನೆಯದು, ಫ್ಯಾನ್ ತಿರುಗುತ್ತದೆ, ತೆರೆಯ ಮೇಲೆ ಏನೂ ಮೂಡದು. ಮೊದಲು ಮಾನಿಟರನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ನೋಡಬೇಕು. ಕತ್ತಲ ತೆರೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಚಿತ್ರದ ನೆರಳು ಕಂಡರೆ, ಯಂತ್ರ ನಡೆಯುತ್ತಿದೆ, ಮಾನಿಟರಿನ ಹಿಂಬೆಳಕು ಮಾತ್ರ ಆರಿದೆ ಎಂದರ್ಥ. ಮಾನಿಟರ್ ನಿರ್ದೋಷಿಯಾದರೆ ರ‍್ಯಾಮಿನತ್ತ ತಿರುಗಬೇಕು. ಯಂತ್ರ ಎದ್ದೊಡನೆ ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಂಡು ತಪ್ಪು ಕಂಡರೆ ಬೀಪ್ ಎಂಬ ಸದ್ದು ಮಾಡುತ್ತದೆ. ಸದ್ದಿನ ಎಣಿಕೆಯ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾದರೂ ಬಿಡದೆ ಕೂಗುವ ದೀರ್ಘ ಸದ್ದು ಅನೇಕ ಯಂತ್ರಗಳಲ್ಲಿ ರ‍್ಯಾಮಿನ ದೂರು. ರ‍್ಯಾಮನ್ನು ಹೊರತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒರಸಿ, ಪುಡಿಯನ್ನು ಕುಂಚದಿಂದ ತೆಗೆದು, ಎರಡೂ ಕೊಕ್ಕೆಗಳು ಕಚ್ಚುವವರೆಗೆ ಒತ್ತಿ ಕೂರಿಸಿದರೆ ಎಷ್ಟೋ ವೇಳೆ ಯಂತ್ರ ಎಚ್ಚರಗೊಳ್ಳುವುದು. ಎರಡು ರ‍್ಯಾಮ್‌ಗಳಿದ್ದರೆ ಒಂದೊಂದನ್ನೇ ಹಾಕಿ ನೋಡುವುದೇ ಅನ್ವಯ-ವ್ಯತಿರೇಕದ ಸರಳ ಪ್ರಯೋಗ.

ಮೂರನೆಯದು, ತೆರೆಯ ಮೇಲೆ ಅಕ್ಷರ ಮೂಡುತ್ತದೆ, ಆದರೆ ವಿಂಡೋಸ್ ಅಥವಾ ಲಿನಕ್ಸ್ ದೊರೆಯಲಿಲ್ಲವೆಂದು ಯಂತ್ರ ನಿಲ್ಲುತ್ತದೆ. ಇಲ್ಲವೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪುವುದು ನಾಣ್ಯದ ಬ್ಯಾಟರಿ ಮುಗಿದುದರ ಚಿಹ್ನೆ. ಅದರ ಹೆಸರು ಸಿ.ಆರ್. ೨೦೩೨, ೨೦ ಮಿಲಿಮೀಟರ್ ಅಗಲ, ೩.೨ ಮಿಲಿಮೀಟರ್ ದಪ್ಪ ಎಂಬುದೇ ಆ ಸಂಖ್ಯೆಯ ಅರ್ಥ. ೩ ವೋಲ್ಟಿನ ಈ ಬಿಲ್ಲೆ ಕೈಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಅಲ್ಪಬೆಲೆಯ ವಸ್ತು. ಇದು ಬರಿದಾದಾಗ ಗಡಿಯಾರದೊಂದಿಗೆ ಯಂತ್ರದ ಮೂಲ ಹೊಂದಿಕೆಗಳೂ ಮರೆತುಹೋಗಿ, ಡಿಸ್ಕ್ ಇದ್ದರೂ ಇಲ್ಲವೆಂದು ಯಂತ್ರ ಹೇಳುವುದುಂಟು. ದಿನಾಂಕ ತಪ್ಪಿದ ಯಂತ್ರದಲ್ಲಿ ಅಂತರಜಾಲದ ತಾಣಗಳೂ ತೆರೆಯದೆ ಹೋಗುವುವು. ಏಕೆಂದರೆ ತಾಣದ ಪ್ರಮಾಣಪತ್ರದ ಅವಧಿಯನ್ನು ಯಂತ್ರವು ತನ್ನ ಗಡಿಯಾರದಿಂದಲೇ ಅಳೆಯುತ್ತದೆ. ಇಡೀ ಯಂತ್ರವನ್ನೇ ಶಂಕಿಸುವಂತೆ ಮಾಡುವ ಈ ವ್ಯಾಧಿಗೆ ಔಷಧ ಒಂದು ಬಿಲ್ಲೆ. ಬ್ಯಾಟರಿ ಹೊಸದಾದರೂ ಡಿಸ್ಕ್ ಕಾಣದಿದ್ದರೆ ಅದರ ಕೇಬಲ್ ಬದಲಿಸಿ ನೋಡತಕ್ಕದ್ದು.

ನಾಲ್ಕನೆಯದು, ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ತಾನಾಗಿ ಆರುತ್ತದೆ. ಬೆಳಗ್ಗೆ ನಡೆದು ಮಧ್ಯಾಹ್ನ ನಿಂತರೆ ಕಾವಿನ ಅನುಮಾನ ದೃಢವಾಗುವುದು. ಪ್ರೊಸೆಸರ್ ಸುಮಾರು ೧೦೦ ಡಿಗ್ರಿಯ ಸಮೀಪಕ್ಕೆ ಬಂದಾಗ ಮೊದಲು ವೇಗವನ್ನು ತಗ್ಗಿಸಿಕೊಂಡು, ಆ ಬಳಿಕ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ಆರಿಸುತ್ತದೆ. ಇದು ರೋಗವಲ್ಲ, ಆತ್ಮರಕ್ಷಣೆ. ರೋಗ ಇರುವುದು ಧೂಳಿನಲ್ಲಿ. ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದು ಮೃದು ಕುಂಚದಿಂದ ಧೂಳು ತೆಗೆಯಬೇಕು. ಪ್ರೊಸೆಸರಿಗೂ ಲೋಹದ ಗರಿಗೂ ನಡುವೆ ಕಾವನ್ನು ಸಾಗಿಸುವ ಲೇಪವೊಂದಿದೆ; ವರ್ಷಗಳು ಕಳೆದಂತೆ ಅದು ಒಣಗಿ ಬಿರಿಯುತ್ತದೆ. ಹಳೆಯದನ್ನು ಒರಸಿ ಬಟಾಣಿ ಕಾಳಿನಷ್ಟು ಹೊಸ ಲೇಪ ಹಾಕಿದರೆ ಸಾಕು. ಇಷ್ಟಾದರೂ ನಿಲ್ಲದಿದ್ದರೆ ಮದರ್‌ಬೋರ್ಡಿನ ಮೇಲಿನ ಪುಟ್ಟ ಉರುಳೆಯಾಕಾರದ ಕೆಪಾಸಿಟರುಗಳನ್ನು ನೋಡಬೇಕು. ಅವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದುರಸ ಒಸರಿದ್ದರೆ ಅಲ್ಲಿಯೇ ದೋಷ. ೨೦೦೦ದ ನಂತರದ ಕೆಲವು ವರ್ಷಗಳಲ್ಲಿ ತಯಾರಾದ ಅನೇಕ ಯಂತ್ರಗಳಲ್ಲಿ ಕಳಪೆ ಕೆಪಾಸಿಟರುಗಳಿಂದ ಈ ಉಪದ್ರವ ಲೋಕವ್ಯಾಪಿಯಾಗಿತ್ತು. ಇವುಗಳ ಒಳಗಿನ ದ್ರವ ಕಾವಿಗೆ ಆರುತ್ತದೆ. ಉಷ್ಣತೆ ೧೦ ಡಿಗ್ರಿ ಏರಿದರೆ ಆಯುಷ್ಯ ಸರಿಸುಮಾರು ಅರ್ಧವಾಗುವುದೆಂಬುದು ಬಲ್ಲವರ ಲೆಕ್ಕ. ಈ ಸೀಮೆಯಲ್ಲಿ ಗಣಕಕೋಣೆಗೆ ನೆರಳೂ ಗಾಳಿಯೂ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಐದನೆಯದು, ಯಂತ್ರ ನಡೆಯುತ್ತದೆ, ಆದರೆ ಅತಿ ಮಂದ. ಕೆಲವೊಮ್ಮೆ ಟಕ್ ಟಕ್ ಎಂಬ ಸದ್ದೂ ಕೇಳುತ್ತದೆ. ಜನರು ಎಲ್ಲ ಮಾಂದ್ಯಕ್ಕೂ ವೈರಸ್ ಎಂಬ ಒಂದೇ ಹೆಸರನ್ನಿಡುವರು. ಹಳೆಯ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಸವೆದಿರುವುದೂ ಅಷ್ಟೇ ಸಂಭವನೀಯ. ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಯಂತ್ರ ನಡೆಯುವಾಗ ಮೇಜನ್ನು ಎಳೆದರೂ ತಟ್ಟೆಗೆ ಗೀರು ಬೀಳಬಹುದು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು 'ಸ್ಮಾರ್ಟ್' ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಡುತ್ತದೆ. ಉಚಿತ ತಂತ್ರಾಂಶಗಳಿಂದ ಅದನ್ನು ಓದಬಹುದು. ಕೆಟ್ಟ ಭಾಗಗಳ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದು ಮರಣದ ಪೂರ್ವರೂಪ. ಟಕ್ ಟಕ್ ಸದ್ದು ಕೇಳಿದೊಡನೆ ಬೇರೆ ಯಾವ ಪರೀಕ್ಷೆಯನ್ನೂ ಮಾಡದೆ ಮುಖ್ಯ ಕಡತಗಳನ್ನು ಮೊದಲು ಹೊರಗೆ ತರತಕ್ಕದ್ದು. ಆ ಡಿಸ್ಕಿನ ಸ್ಥಾನದಲ್ಲಿ ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ. ಕೂರಿಸಿದರೆ ಹತ್ತು ವರ್ಷದ ಹಳೆಯ ಯಂತ್ರವೂ ಚುರುಕಾಗುವುದು. ಹಳೆಯ ಯಂತ್ರಕ್ಕೆ ಮಾಡುವ ವೆಚ್ಚಗಳಲ್ಲಿ ಇಷ್ಟು ಫಲ ಕೊಡುವುದು ಬೇರೊಂದಿಲ್ಲ.

ಎಲ್ಲಿ ನಿಲ್ಲಿಸಬೇಕು

ಅಸಾಧ್ಯ ವ್ಯಾಧಿಯನ್ನು ಗುರುತಿಸುವುದೂ ವೈದ್ಯನ ಲಕ್ಷಣವೇ. ಮದರ್‌ಬೋರ್ಡ್ ಸುಟ್ಟಿದ್ದರೆ ಹಳೆಯ ತಲೆಮಾರಿನ ಹೊಸ ಬೋರ್ಡ್ ಹುಡುಕುವುದು ವ್ಯರ್ಥ. ಆದರೆ ಆ ಯಂತ್ರದ ಉಳಿದ ಅಂಗಗಳು ವ್ಯರ್ಥವಲ್ಲ. ಒಂದೇ ಮಾದರಿಯ ಮೂರು ಯಂತ್ರಗಳು ನಿಂತಿವೆ ಎಂದು ಭಾವಿಸೋಣ. ಒಂದರಲ್ಲಿ ರ‍್ಯಾಮ್, ಇನ್ನೊಂದರಲ್ಲಿ ಎಸ್.ಎಂ.ಪಿ.ಎಸ್., ಮತ್ತೊಂದರಲ್ಲಿ ಮದರ್‌ಬೋರ್ಡ್ ಕೆಟ್ಟಿದೆ. ಮೂರನೆಯದರ ರ‍್ಯಾಮನ್ನು ಮೊದಲನೆಯದಕ್ಕೂ, ಅದರ ಎಸ್.ಎಂ.ಪಿ.ಎಸ್. ಅನ್ನು ಎರಡನೆಯದಕ್ಕೂ ಕೊಟ್ಟರೆ ಒಂದು ರೂಪಾಯಿಯ ವೆಚ್ಚವೂ ಇಲ್ಲದೆ ಎರಡು ಯಂತ್ರಗಳು ಏಳುವುವು. ಪರೀಕ್ಷೆಯಿಲ್ಲದೆ ಮೂರನ್ನೂ ಗುಜರಿಗೆ ಹಾಕಿದ್ದರೆ ಮೂರೂ ನಷ್ಟ.

ಯಂತ್ರದ ದೋಷವನ್ನೂ ತಂತ್ರಾಂಶದ ಮುಪ್ಪನ್ನೂ ಬೆರೆಸಕೂಡದು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲ ನಿಂತಿತು. ಬಹಳಷ್ಟು ಹಳೆಯ ಯಂತ್ರಗಳು ವಿಂಡೋಸ್ ೧೧ನ್ನು ಹೊರಲಾರವು. ಇದರಿಂದ ಆ ಯಂತ್ರಗಳು ಕೆಟ್ಟವೆಂದಾಗಲಿಲ್ಲ. ಕನ್ನಡವನ್ನು ಚೆನ್ನಾಗಿ ತೋರಿಸುವ ಉಚಿತ ಲಿನಕ್ಸ್ ವ್ಯವಸ್ಥೆಗಳಲ್ಲಿ ಅವು ಬೆರಳಚ್ಚು, ಲೆಕ್ಕ, ಪಾಠಗಳಿಗೆ ಇನ್ನೂ ಸಲ್ಲುವುವು. ನಿಜವಾಗಿಯೂ ಮುಗಿದ ಭಾಗಗಳನ್ನು ಮಾತ್ರ, ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪ್ರಕಾರ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸತಕ್ಕದ್ದು. ಸೀಸ ಮೊದಲಾದ ವಿಷವಸ್ತುಗಳಿರುವ ಇವನ್ನು ತಿಪ್ಪೆಯಲ್ಲಿ ಸುಡುವುದು ಮಕ್ಕಳ ಉಸಿರಿಗೆ ವಿಷ ಬೆರೆಸಿದಂತೆ.

ಶಾಲೆಗಳು ಕೈಗೊಳ್ಳಬಹುದಾದ ಏರ್ಪಾಡು

ಈ ಕ್ರಮ ಶಾಲೆಯಲ್ಲಿ ನೆಲೆಗೊಳ್ಳಲು ದೊಡ್ಡ ಸಿದ್ಧತೆ ಬೇಡ. ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೆ ದಾಖಲೆ ಪುಸ್ತಕದಲ್ಲಿ ಒಂದು ಪುಟ ಇರಲಿ. ಕಂಡ ಲಕ್ಷಣ, ಮಾಡಿದ ಒಂದೊಂದು ಬದಲಾವಣೆ, ಅದರ ಫಲ, ದಿನಾಂಕ ಇಷ್ಟನ್ನು ಅಲ್ಲಿ ಬರೆಯಬೇಕು. ಒಬ್ಬ ಅಧ್ಯಾಪಕರು ವರ್ಗವಾಗಿ ಹೋದರೂ ಜ್ಞಾನ ಶಾಲೆಯಲ್ಲಿ ಉಳಿಯುವುದು. ದಸರೆಗೆ ಒಮ್ಮೆ, ಬೇಸಿಗೆಗೆ ಮುನ್ನ ಒಮ್ಮೆ ಧೂಳು ತೆಗೆಯುವುದನ್ನು ನಿಯಮವಾಗಿಸಬೇಕು. ಒಂದು ಪೆಟ್ಟಿಗೆಯಲ್ಲಿ ಸ್ಕ್ರೂಡ್ರೈವರ್, ಕುಂಚ, ಮಲ್ಟಿಮೀಟರ್, ನಾಲ್ಕಾರು ಸಿ.ಆರ್. ೨೦೩೨ ಬಿಲ್ಲೆಗಳು, ಲೇಪದ ಒಂದು ನಳಿಕೆ, ಡಿಸ್ಕಿನ ಕೇಬಲುಗಳು, ಪರೀಕ್ಷಿಸಿ ಇಟ್ಟ ಒಂದು ಎಸ್.ಎಂ.ಪಿ.ಎಸ್., ಪ್ರತಿ ಮಾಡಲು ಒಂದು ಹೊರಡಿಸ್ಕ್ ಇದ್ದರೆ ಆ ಶಾಲೆಯ ಚಿಕಿತ್ಸಾಲಯ ಸಿದ್ಧವಾದಂತೆ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ಗಮನಿಸಬಹುದು. ಹೊಸ ಯಂತ್ರದ ದಾನ ಕಣ್ಣಿಗೆ ಕಾಣುವಂಥದು, ಸ್ತುತ್ಯವಾದುದು. ಬಿಡಿಭಾಗಗಳ ಪೆಟ್ಟಿಗೆಗೆ, ಅರ್ಥಿಂಗ್ ದುರಸ್ತಿಗೆ, ಎಸ್.ಎಸ್.ಡಿ.ಗೆ ಕೊಡುವ ದಾನದ ಮೇಲೆ ಹೆಸರು ಬರೆಯಲು ಸ್ಥಳವಿರುವುದಿಲ್ಲ. ಆದರೆ ಈ ಹಿಂದೆ ಕೊಟ್ಟವರ ಹೆಸರು ಮೂಲೆಯಿಂದ ಎದ್ದು ಮತ್ತೆ ಮಕ್ಕಳ ಮುಂದೆ ಬರುವುದು ಈ ಎರಡನೆಯ ದಾನದಿಂದಲೇ. ಕಲಬುರಗಿ, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ದಿನವನ್ನು ಈ ಪರೀಕ್ಷೆಗೆ ಕೊಟ್ಟರೆ ಅದು ಧನಕ್ಕಿಂತ ಹೆಚ್ಚಿನ ಕೊಡುಗೆ.

ಕೊನೆಯದಾಗಿ, ಈ ಕಾರ್ಯದ ಫಲ ಯಂತ್ರದಲ್ಲಿ ಮಾತ್ರ ನಿಲ್ಲುವುದಿಲ್ಲ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಅಧ್ಯಾಪಕರ ಸಮ್ಮುಖದಲ್ಲಿ ರ‍್ಯಾಮ್ ತೆಗೆದು, ಇನ್ನೊಂದು ಹಾಕಿ, "ಇದಿದ್ದರೆ ನಡೆಯುವುದಿಲ್ಲ, ಇದಿಲ್ಲದಿದ್ದರೆ ನಡೆಯುತ್ತದೆ, ಆದ್ದರಿಂದ ದೋಷ ಇದರಲ್ಲಿದೆ" ಎಂದು ತಾನೇ ನಿರ್ಣಯಿಸಿದರೆ, ಅವಳು ಕಲಿತದ್ದು ದುರಸ್ತಿಯನ್ನಷ್ಟೇ ಅಲ್ಲ, ಪ್ರಮಾಣದಿಂದ ನಿರ್ಣಯಕ್ಕೆ ಬರುವ ವಿದ್ಯೆಯನ್ನು. ಕೇಳಿದ್ದನ್ನೆಲ್ಲ ನಂಬದೆ, ಕಂಡದ್ದಕ್ಕೆಲ್ಲ ಬೆದರದೆ, ಒಂದೊಂದನ್ನೇ ಬದಲಿಸಿ ಪರೀಕ್ಷಿಸುವ ಈ ಬುದ್ಧಿ ಅವಳಿಗೆ ಬಾಳಿನಲ್ಲಿ ಎಲ್ಲ ಕಡೆಯಲ್ಲಿಯೂ ಒದಗುವುದು. ಹಳೆಯ ಯಂತ್ರ ಇನ್ನೆಷ್ಟು ವರ್ಷ ನಡೆಯುವುದೋ ಹೇಳಬರುವುದಿಲ್ಲ. ಅದು ಕಲಿಸಿದ ವಿಚಾರಕ್ರಮ ಮಾತ್ರ ಹಳತಾಗುವಂಥದ್ದಲ್ಲ.